ಹನ್ನೊಂದು ಸ್ಥಳಗಳೂ ಅಮ್ಮನ ಮೊಣಕಾಲೂ

ದಸರೆಯ ರಜೆ ಸಮೀಪಿಸಿತೆಂದರೆ ನಮ್ಮಂತಹ ಸಂಬಳಗಾರರ ಮನೆಗಳಿಗೆ ಒಂದು ಬಗೆಯ ಸಾಹಿತ್ಯವು ತಾನಾಗಿಯೇ ಪ್ರವೇಶಿಸುತ್ತದೆ. ಅದು ಕಾವ್ಯವಲ್ಲ, ಕಾದಂಬರಿಯೂ ಅಲ್ಲ. ಆದರೆ ಎರಡರ ಲಕ್ಷಣಗಳೂ ಅದರಲ್ಲುಂಟು. ಬಣ್ಣದ ಕಾಗದದ ಮೇಲೆ ಅಚ್ಚಾಗಿ, ಮೂರು ಮಡಿಕೆಯಾಗಿ ಮಡಿಸಲ್ಪಟ್ಟು ಬರುವ ಆ ಕೃತಿಗೆ ‘ಮೈಸೂರು ದರ್ಶನ: ಒಂದೇ ದಿನದಲ್ಲಿ ಹನ್ನೊಂದು ಸ್ಥಳಗಳು’ ಎಂದು ಶಿರೋನಾಮೆ. ಕಳೆದ ವರ್ಷ ಇಂತಹುದೊಂದನ್ನು ನನ್ನ ಮಗಳು ಎಲ್ಲಿಂದಲೋ ತಂದು, ನಾನು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಮೇಜಿನ ಮೇಲೆ, ನನ್ನ ಕೆಂಪು ಶಾಯಿಯ ಲೇಖನಿಗೆ ಎದುರಾಗಿಯೇ ಇಟ್ಟುಹೋದಳು.

ನಾನು ಕನ್ನಡದ ಮೇಷ್ಟರು. ಕೈಗೆ ಸಿಕ್ಕಿದ್ದನ್ನೆಲ್ಲ ಲಕ್ಷಣಗ್ರಂಥದ ಕಣ್ಣಿನಿಂದ ನೋಡುವುದು ನನ್ನ ದೋಷ. ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರತಕ್ಕದ್ದೆಂದು ನಮ್ಮ ಹಿಂದಿನ ಆಲಂಕಾರಿಕರು ವಿಧಿಸಿದರಷ್ಟೆ? ಪುರ, ಪರ್ವತ, ಉದ್ಯಾನ, ಜಲಕ್ರೀಡೆ, ಚಂದ್ರೋದಯ ಮೊದಲಾದುವು. ಕಥೆಗೆ ಬೇಕಿರಲಿ ಬಿಡಲಿ, ಕವಿಯು ನಾಯಕನನ್ನು ಬೆಟ್ಟ ಹತ್ತಿಸಿ, ತೋಟದಲ್ಲಿ ತಿರುಗಾಡಿಸಿ, ಕೊಳದಲ್ಲಿ ಇಳಿಸಿಯೇ ತೀರಬೇಕು. ಮೂರು ಮಡಿಕೆಯ ಈ ಕೃತಿಯಲ್ಲಿಯೂ ಹಾಗೆಯೇ. ಪರ್ವತಕ್ಕೆ ಚಾಮುಂಡಿ ಬೆಟ್ಟ, ಉದ್ಯಾನಕ್ಕೆ ಬೃಂದಾವನ, ಜಲಕ್ಕೆ ಕೃಷ್ಣರಾಜಸಾಗರ, ಪುರವರ್ಣನೆಗೆ ಅರಮನೆ. ಒಂದನ್ನಾದರೂ ಬಿಟ್ಟರೆ ಕೃತಿಗೆ ಕೊರತೆ! ಚಂಪೂಕವಿಗಳ ಆ ವರ್ಣನೆಗಳಲ್ಲಿ ಸಿಕ್ಕಿಕೊಂಡು ಓದುಗನು ಕಥೆಯ ಎಳೆಯನ್ನು ಕಳೆದುಕೊಳ್ಳುವಂತೆ ಇಲ್ಲಿ ಪ್ರಯಾಣಿಕನು ಏನನ್ನು ಕಳೆದುಕೊಳ್ಳುತ್ತಾನೆಂಬುದು ನನಗೆ ಅನುಭವದಿಂದ ಗೊತ್ತಿತ್ತು.

ಅದಕ್ಕೆ ಎರಡು ವರ್ಷ ಮೊದಲು ಬೆಂಗಳೂರಿನಲ್ಲಿ ನಾವು ಇಂತಹ ಒಂದು ದರ್ಶನವನ್ನು ಪಡೆದಿದ್ದೆವು. ಯಾರ ಬಸ್ಸು ಎಂದು ಹೇಳುವುದು ಬೇಡ. ವಿಧಾನಸೌಧವನ್ನು ನಮಗೆ ‘ತೋರಿಸಿದುದು’ ಚಲಿಸುತ್ತಿದ್ದ ಬಸ್ಸಿನೊಳಗಿನಿಂದ. ಎಡಗಡೆಯ ಕಿಟಕಿಯವರು ನೋಡಿದರು, ನಾವು ಬಲಗಡೆಯಲ್ಲಿದ್ದೆವು. ಲಾಲ್‌ಬಾಗಿಗೆ ದೊರೆತದ್ದು ಇಪ್ಪತ್ತು ನಿಮಿಷ. ಇನ್ನೂರ ನಲವತ್ತು ಎಕರೆಯ ಆ ತೋಟದಲ್ಲಿ, ೧೮೮೯ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯನ್ನು ದೂರದಿಂದ ಕಂಡು, ಶಿಳ್ಳೆಯ ಸದ್ದಿಗೆ ಹಿಂದಿರುಗಿ ಓಡಿಬಂದೆವು. ಆಮೇಲೆ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಒಂದು ರೇಷ್ಮೆ ಸೀರೆಯ ಅಂಗಡಿಯ ಮುಂದೆ ಬಸ್ಸು ನಿಂತಿತು. ಅಲ್ಲಿ ಒಂದು ಗಂಟೆ ಹತ್ತು ನಿಮಿಷ! ಆಗ ನನ್ನ ಮಗನಿಗೆ ಐದು ವರ್ಷ. ಅವನು ಬಹಳ ಗಂಭೀರವಾಗಿ, “ಅಪ್ಪಾ, ಈ ಅಂಗಡೀನ ಯಾವ ರಾಜ ಕಟ್ಟಿಸಿದ್ದು?” ಎಂದು ಕೇಳಿದ. ಅಂದು ನಾವು ಅತ್ಯಂತ ವಿವರವಾಗಿ ನೋಡಿದ ಸ್ಥಳ ಅದೇ ಆಗಿತ್ತಾದ್ದರಿಂದ ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಆದುದರಿಂದ ಈ ಬಾರಿ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಹನ್ನೆರಡು ಗಂಟೆ. ಊರಿನ ಸಂದಣಿಯಲ್ಲಿ ಹೊರಟು ಬೆಟ್ಟ, ಶ್ರೀರಂಗಪಟ್ಟಣ, ಕನ್ನಂಬಾಡಿಗಳನ್ನು ಸುತ್ತಿ ಬರುವ ದಾರಿಗೆ ಮೂರೂವರೆ ಗಂಟೆಯನ್ನು ಕಳೆದೆ. ಊಟ ಕಾಫಿಗಳಿಗೆ ಒಂದೂವರೆ. ಪ್ರತಿ ಬಸ್ಸಿನಲ್ಲಿಯೂ ಎಲ್ಲ ಸ್ಥಳಗಳಲ್ಲಿಯೂ ತಪ್ಪಿಸಿಕೊಳ್ಳುವ ಒಂದು ಸಂಸಾರವಿರುತ್ತದೆ. ಅವರನ್ನು ಕಾಯುವುದಕ್ಕೆ ಒಂದು ಗಂಟೆ. ಉಳಿದದ್ದು ಆರು ಗಂಟೆ, ಎಂದರೆ ೩೬೦ ನಿಮಿಷ. ಹನ್ನೊಂದರಿಂದ ಭಾಗಿಸಿದರೆ ಸ್ಥಳವೊಂದಕ್ಕೆ ಮೂವತ್ತಮೂರು ನಿಮಿಷವೂ ಬರಲಿಲ್ಲ. ಅದರಲ್ಲಿಯೇ ಬಸ್ಸು ನಿಲ್ಲುವಲ್ಲಿಂದ ಬಾಗಿಲಿನವರೆಗೆ ನಡೆಯಬೇಕು, ಟಿಕೆಟ್ಟಿಗೆ ಸಾಲು ನಿಲ್ಲಬೇಕು, ಚಪ್ಪಲಿ ಬಿಡಬೇಕು, ಮಗನಿಗೆ ಬಾಯಾರಿಕೆಯಾಗಬೇಕು. ನೋಡುವುದಕ್ಕೆ ಹದಿನೈದು ನಿಮಿಷ ಉಳಿದರೆ ಪುಣ್ಯ. ಬಸ್ಸಿನ ದರವನ್ನು ಸ್ಥಳಗಳ ಸಂಖ್ಯೆಯಿಂದ ಭಾಗಿಸಿದಾಗ ಸೋವಿಯೆನಿಸಿದ್ದು, ನೋಡಿದ ನಿಮಿಷಗಳಿಂದ ಭಾಗಿಸಿದಾಗ ಬಹಳ ದುಬಾರಿಯೆನಿಸಿತು.

ಇಷ್ಟಾಗಿಯೂ ಅದು ಕೇವಲ ಹಣದ, ಹೊತ್ತಿನ ಪ್ರಶ್ನೆಯಾಗಿದ್ದರೆ ನಾನು ಈ ಅಂಕಣದಲ್ಲಿ ಅದನ್ನು ಪ್ರಸ್ತಾಪಿಸುತ್ತಿರಲಿಲ್ಲ. ನಡುವೆ ನಮ್ಮ ಅಮ್ಮ ಇದ್ದರು.

ಅಮ್ಮ ಇರುವುದು ಚನ್ನರಾಯಪಟ್ಟಣದ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ. ಹಾಸನದ ನಮ್ಮ ಬಾಡಿಗೆಯ ಮನೆಯಲ್ಲಿ ಅವರಿಗೆ ಉಸಿರುಕಟ್ಟುತ್ತದೆಯಂತೆ. ನಮ್ಮೂರನ್ನು ಬಲ್ಲವರು ಕಡಿಮೆ. ವಿಜಯ ಸೋಮನಾಥಪುರವೆಂಬ ದೊಡ್ಡ ಹೆಸರು ಅದಕ್ಕೆ ಹಿಂದೆ ಇತ್ತು. ಹೊಯ್ಸಳ ವೀರಸೋಮೇಶ್ವರನ ಕಾಲದಲ್ಲಿ, ೧೨೪೬ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಊರೊಳಗೇ ಇದೆ; ತ್ರಿಕೂಟಾಚಲ, ಹೊರಗೋಡೆಯ ತುಂಬ ವಿಗ್ರಹಗಳು. ಕೆತ್ತಿದವರು ತಮ್ಮ ಹೆಸರುಗಳನ್ನೂ ಅಲ್ಲಿ ಬಿಟ್ಟುಹೋಗಿದ್ದಾರೆ: ಬೈಚೋಜ, ಮಲ್ಲಿತಮ್ಮ. ಆದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂದು ಒಂದೇ ಉಸಿರಿನಲ್ಲಿ ಹೇಳುವ ಪ್ರವಾಸದ ಬಸ್ಸುಗಳ ಪಟ್ಟಿಯಲ್ಲಿ ನಮ್ಮೂರು ಸಾಮಾನ್ಯವಾಗಿ ಇರುವುದಿಲ್ಲ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಯುನೆಸ್ಕೋದವರ ವಿಶ್ವಪರಂಪರೆಯ ಗೌರವ ಬಂದಾಗಲೂ ನಮ್ಮ ನರಸಿಂಹಸ್ವಾಮಿ ಹೊರಗೇ ಉಳಿದ. ಅಮ್ಮನಿಗೆ ಇದರಿಂದ ದುಃಖವೇನೂ ಇಲ್ಲ. “ಬರೋರು ಸುಮ್ಮನೆ ಬರ್ತಾರೆ ಕಣೋ, ಪಟ್ಟೀಲಿ ಇದೆ ಅಂತ ಯಾರೂ ಬರೊಲ್ಲ” ಎನ್ನುತ್ತಾರೆ.

ಅದು ಮೆಚ್ಚತಕ್ಕ ಮಾತೇ. ಬಾಲ್ಯದಲ್ಲಿ ನಾವು ಹುಡುಗರು ಗುಡಿಯ ಜಗತಿಯ ಮೇಲೆ ಕುಳಿತು ಬರುವವರನ್ನು ಲೆಕ್ಕ ಹಾಕುತ್ತಿದ್ದೆವು. ಕಾರಿನಲ್ಲಿ ಬಂದಿಳಿದು, ಒಂದು ಸುತ್ತು ಹಾಕಿ, ಚಿತ್ರ ತೆಗೆದುಕೊಂಡು, ನಮ್ಮ ಅರ್ಚಕರು ಬೀಗದ ಕೈ ತರುವುದಕ್ಕೆ ಮೊದಲೇ ಹೊರಟುಹೋದವರುಂಟು. ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹರ ಪೈಕಿ ಒಬ್ಬರನ್ನೂ ಅವರು ನೋಡಿರಲಿಲ್ಲ. ಇನ್ನೊಬ್ಬರು ಒಂದು ಬೆಳಗ್ಗೆ ಬಂದು, ಉತ್ತರದ ಗೋಡೆಯೆದುರು ಸ್ಟೂಲು ಹಾಕಿಕೊಂಡು ಸಂಜೆಯವರೆಗೂ ಒಂದೇ ವಿಗ್ರಹವನ್ನು ಬರೆಯುತ್ತ ಕುಳಿತಿದ್ದರು. ಮಧ್ಯಾಹ್ನ ಅಮ್ಮ ಅವರಿಗೆ ಮಜ್ಜಿಗೆ ಕಳುಹಿಸಿದ್ದರು. ಇಂದಿಗೂ ಆ ಮಜ್ಜಿಗೆಯ ಮಾತು ನಮ್ಮ ಮನೆಯಲ್ಲಿ ಬರುತ್ತದೆ. ಕಾರಿನವರ ಮಾತು ಬರುವುದಿಲ್ಲ.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಮೂರು ಸಲ ಮೈಸೂರಿಗೆ ಹೋಗಿಬಂದಿದ್ದರು. ಪ್ರತಿ ಸಲವೂ ಬಂದು ಅಮ್ಮನೆದುರು ಅರಮನೆಯನ್ನು ವರ್ಣಿಸುತ್ತಿದ್ದರು. ತಲೆಯ ಮೇಲೆ ಗಾಜಿನ ನವಿಲುಗಳಿವೆಯೆಂದೂ, ಬಿಸಿಲು ಬಂದಾಗ ಅವುಗಳ ಬಣ್ಣ ಹೊಳೆಯುವುದೆಂದೂ ಹೇಳುತ್ತಿದ್ದರು. “ಬರೋ ವರ್ಷ ನಿನ್ನನ್ನೂ ಕರಕೊಂಡು ಹೋಗ್ತೀನಿ” ಎಂಬುದು ವರ್ಣನೆಯ ಕೊನೆಯ ವಾಕ್ಯ. ಮೇಷ್ಟರ ಸಂಬಳದಲ್ಲಿ ಆ ಬರುವ ವರ್ಷ ಬರಲಿಲ್ಲ. ತಂದೆಯವರು ಹೋಗಿ ಆರು ವರ್ಷವಾಯಿತು.

ಮೈಸೂರಿಗೆ ಹೋಗುವ ಮಾತನ್ನು ಫೋನಿನಲ್ಲಿ ಎತ್ತಿದೊಡನೆಯೇ ಅಮ್ಮ, “ನನಗ್ಯಾಕಪ್ಪ ಅರಮನೆ? ಮಂಡಿ ನೋವು. ನೀವು ಹೋಗಿಬನ್ನಿ. ಹಸೂನ ಯಾರು ನೋಡ್ಕೋತಾರೆ?” ಎಂದರು. ಹಸುವನ್ನು ಮಾರಿ ಎರಡು ವರ್ಷವಾಗಿತ್ತು! ಇದನ್ನು ನಾನು ನಗುತ್ತ ಹೇಳಿದಾಗ ನನ್ನ ಶ್ರೀಮತಿ ನಗಲಿಲ್ಲ. “ರೀ, ಅತ್ತೆಯವರ ಹಸು ಕೊಟ್ಟಿಗೆಯಲ್ಲಿಲ್ಲ, ನಿಮ್ಮ ಲೆಕ್ಕದ ಪುಸ್ತಕದಲ್ಲಿದೆ” ಎಂದಳು. ನಿಜವೇ. ಪ್ರವಾಸಕ್ಕೆಂದು ನಾನು ತೆಗೆದಿರಿಸಿದ್ದು ಐದು ಸಾವಿರ ರೂಪಾಯಿ. ಹಿಂದಿನ ಸಲ ಮಾತಿನ ಭರದಲ್ಲಿ ಆ ಸಂಖ್ಯೆಯನ್ನು ಅಮ್ಮನ ಕಿವಿಗೆ ಹಾಕಿದ್ದೆ. ಐವರಿಗೆ ಸೀಟು, ಊಟ, ಪ್ರವೇಶದ ಟಿಕೆಟ್ಟುಗಳನ್ನು ಗುಣಿಸಿ ನೋಡಿ, ಅದು ಸಾಲದೆಂದು ಅವರು ನನಗಿಂತ ಮೊದಲೇ ಕಂಡುಕೊಂಡಿದ್ದರು. ನಮ್ಮ ಸಂಸಾರಗಳಲ್ಲಿ ಖರ್ಚು ಹೆಚ್ಚೆನಿಸಿದಾಗ ಮೊದಲು ಬಿಟ್ಟುಹೋಗುವುದು ಒಂದು ಸ್ಥಳವಲ್ಲ, ಒಬ್ಬ ಮನುಷ್ಯ. ಸಾಮಾನ್ಯವಾಗಿ ಆ ಮನುಷ್ಯ ಯಾರೂ ಕೇಳುವ ಮೊದಲೇ ತಾನಾಗಿ ಹಿಂದೆ ಸರಿದಿರುತ್ತಾನೆ, ಅಥವಾ ಸರಿದಿರುತ್ತಾಳೆ.

ಲೆಕ್ಕವನ್ನು ಹೊಸದಾಗಿ ಹಾಕಿದೆವು. ಬಾಡಿಗೆಯ ಕಾರು ಐವರಿಗೆ ಅನುಕೂಲವೇ, ಆದರೆ ಇನ್ನೊಂದು ಸಂಸಾರ ಜೊತೆಗೂಡಿ ದೊಡ್ಡ ವಾಹನವನ್ನು ಹಂಚಿಕೊಂಡರಲ್ಲದೆ ನಮ್ಮ ಕೈಗೆಟುಕದು. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದವರು ಮೈಸೂರಿನಲ್ಲಿ ‘ಅಂಬಾರಿ’ ಎಂಬ ಎರಡಂತಸ್ತಿನ ಬಸ್ಸನ್ನು ಓಡಿಸುತ್ತಾರೆ. ಮೇಲೆ ಕುಳಿತು ಊರಿನ ಕಟ್ಟಡಗಳನ್ನೆಲ್ಲ ಹೊರಗಿನಿಂದ ನೋಡಬಹುದು. ನಡೆಯಲಾರದವರಿಗೆ ಇದು ಸೊಗಸೆನಿಸಿತು. ಆದರೆ ಗಾಜಿನ ನವಿಲುಗಳು ಅರಮನೆಯ ಒಳಗಿವೆ. ಹೀಗಿರಲು ಮಗಳು ಒಂದು ಮಾತು ನೆನಪು ಮಾಡಿದಳು. ೨೦೨೩ರ ಜೂನ್ ೧೧ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಷ್ಟೆ? ನಮ್ಮ ಐವರಲ್ಲಿ ಮೂವರು ಹೆಂಗಸರು. ಏಳು ವರ್ಷದ ಮಗನಿಗೆ ಅರ್ಧ ಟಿಕೆಟ್ಟು. ಪೂರ್ತಿ ಹಣ ತೆರಬೇಕಾದವನು ನಾನೊಬ್ಬನೇ!

ಇದನ್ನು ಅಮ್ಮನಿಗೆ ವಿವರಿಸಿದಾಗ ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅನಂತರ, “ಹಾಗಾದರೆ ಈಗ ಮನೇಲಿ ದುಬಾರಿ ಆದೋನು ನೀನೇ ಅನ್ನು” ಎಂದರು. ಹಸುವಿನ ವಿಚಾರ ಮತ್ತೆ ಬರಲಿಲ್ಲ.

ಇನ್ನು ಪಟ್ಟಿ. ಎಷ್ಟು ಸ್ಥಳಗಳನ್ನು ನೋಡಬಹುದು ಎಂದು ಹೊರಡುವುದಕ್ಕೆ ಬದಲು ಅಮ್ಮನ ಮೊಣಕಾಲು ಎಷ್ಟು ಸ್ಥಳಗಳನ್ನು ತಾಳೀತು ಎಂದು ಹೊರಟೆವು. ಮೂರು ಎಂದು ತೀರ್ಮಾನವಾಯಿತು: ಅರಮನೆ ಅಮ್ಮನದು, ಮೃಗಾಲಯ ಮಕ್ಕಳದು, ಬೆಟ್ಟ ಚಾಮುಂಡಿಯದು. ಬೃಂದಾವನ ಹೋಯಿತು, ಶ್ರೀರಂಗಪಟ್ಟಣ ಹೋಯಿತು. ಸೋಮನಾಥಪುರವನ್ನು ಬಿಡುವುದಕ್ಕೆ ನನಗೆ ಮನಸ್ಸಿರಲಿಲ್ಲ. ಮೈಸೂರಿನಿಂದ ಸುಮಾರು ಮೂವತ್ತೈದು ಕಿಲೋಮೀಟರು, ಹೋಗಿಬರುವುದಕ್ಕೆ ಅರ್ಧ ದಿನ ಬೇಕು. ಅಲ್ಲಿನ ಕೇಶವಾಲಯದಲ್ಲಿಯೂ ನಮ್ಮೂರಿನ ಮಲ್ಲಿತಮ್ಮನ ಹೆಸರಿದೆ ಎಂದು ನಾನು ಮಕ್ಕಳಿಗೆ ಉತ್ಸಾಹದಿಂದ ಹೇಳಿದೆ. “ಹಾಗಾದರೆ ಅವನ ಕೆಲಸ ಅಜ್ಜಿ ಮನೆ ಹತ್ತಿರಾನೇ ನೋಡಬಹುದಲ್ಲ?” ಎಂದ ಮಗ. ಎಂ.ಎ. ತರಗತಿಯಲ್ಲಿ ಕಲಿತ ಯಾವ ವಾದವೂ ಆಗ ನನ್ನ ನೆರವಿಗೆ ಬರಲಿಲ್ಲ. ಸೋಮನಾಥಪುರವೂ ಹೋಯಿತು.

ದಿನವನ್ನು ಆರಿಸುವುದೂ ಹಣದ ವಿಚಾರವೇ ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಗೆ ಸುಮಾರು ಒಂದು ಲಕ್ಷ ದೀಪಗಳನ್ನು ಹಚ್ಚುವುದು ದಸರೆಯ ದಿನಗಳನ್ನು ಬಿಟ್ಟರೆ ಭಾನುವಾರಗಳಲ್ಲಿ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ, ಸಂಜೆ ಏಳರಿಂದ ಸ್ವಲ್ಪ ಹೊತ್ತು. ರಸ್ತೆಯಲ್ಲಿ ನಿಂತು ನೋಡುವುದಕ್ಕೆ ಕಾಸಿಲ್ಲ. ಆದುದರಿಂದ ದಸರೆಯ ಜಾತ್ರೆ ಕರಗಿದ ಮೇಲೆ ಬಂದ ಭಾನುವಾರ ಹೊರಟು ಸೋಮವಾರ ಹಿಂದಿರುಗುವುದೆಂದಾಯಿತು. ಪ್ರವಾಸದ ಬಸ್ಸಿಗೆ ಕೊಡಬೇಕಾಗಿದ್ದ ಹಣ ಒಂದು ರಾತ್ರಿಯ ಕೋಣೆಯ ಬಾಡಿಗೆಗೆ ಸರಿಹೋಯಿತು.

ದರ್ಶನದ ಬಸ್ಸುಗಳನ್ನೇ ನಾನು ನಿಂದಿಸುತ್ತೇನೆಂದು ವಾಚಕರು ತಿಳಿಯಬಾರದು. ಒಂದೇ ದಿನದ ಬಿಡುವುಳ್ಳವರಿಗೆ, ಗಟ್ಟಿಕಾಲಿನ ಹೊಸ ದಂಪತಿಗಳಿಗೆ, ಊರು ಪೂರ್ತಿ ಹೊಸದಾದವರಿಗೆ ಅವು ಉಪಕಾರಿಯೇ. ಆದರೆ ಚೀಟಿ ಕೊಳ್ಳುವ ಮುನ್ನ ಪ್ರವೇಶದ ಹಣ ದರದಲ್ಲಿ ಸೇರಿದೆಯೇ ಎಂದೂ, ಮುಖ್ಯ ಸ್ಥಳದ ಒಳಗೆ ಎಷ್ಟು ನಿಮಿಷ ಬಿಡುತ್ತಾರೆಂದೂ, ಪಟ್ಟಿಯಲ್ಲಿಲ್ಲದ ಯಾವ ಅಂಗಡಿಯ ಮುಂದೆ ನಿಲ್ಲುತ್ತದೆಂದೂ ಕೇಳಿಕೊಳ್ಳಿ. ಮೂರನೆಯ ಪ್ರಶ್ನೆಗೆ ಉತ್ತರ ಹೇಳುವವನ ಮುಖವನ್ನೂ ನೋಡಿಕೊಳ್ಳಿ.

ಶನಿವಾರ ರಾತ್ರಿ ನುಗ್ಗೇಹಳ್ಳಿಯಲ್ಲಿದ್ದು ಬೆಳಗ್ಗೆ ಚನ್ನರಾಯಪಟ್ಟಣಕ್ಕೆ ಬಂದು ಮೈಸೂರಿನ ಬಸ್ಸು ಹಿಡಿದೆವು. ಅಮ್ಮ ಆಧಾರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಕಂಡಕ್ಟರು ಕೊಟ್ಟ ಸೊನ್ನೆ ರೂಪಾಯಿಯ ಚೀಟಿಯನ್ನು ಅದರೊಡನೆಯೇ ಜೋಪಾನವಾಗಿ ಮಡಿಸಿಟ್ಟರು. ಕಿಕ್ಕೇರಿಯಲ್ಲಿ ಬಸ್ಸು ಎರಡು ನಿಮಿಷ ನಿಂತಿತು. ಇದು ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರೆಂದೂ, ‘ಮೈಸೂರ ಮಲ್ಲಿಗೆ’ಯನ್ನು ಬರೆದವರು ಅವರೇ ಎಂದೂ ನಾನು ಮಕ್ಕಳಿಗೆ ಹೇಳಿದೆ. ಮಕ್ಕಳು ಕಡಲೆಕಾಯಿಯ ಕಡೆ ನೋಡುತ್ತಿದ್ದರು. ಕಿಟಕಿಯಿಂದ ಇಣುಕಿ ಊರನ್ನು ನೋಡಿದವರು ಅಮ್ಮ. ಆ ಹಾಡುಗಳನ್ನು ಅವರು ರೇಡಿಯೋದಲ್ಲಿ ಕೇಳಿ ಬಲ್ಲರು.

ಮಧ್ಯಾಹ್ನದ ಊಟ ಮುಗಿಸಿ ಅರಮನೆಯನ್ನು ಹೊಕ್ಕೆವು. ಹಳೆಯ ಮರದ ಅರಮನೆಯು ೧೮೯೭ರಲ್ಲಿ, ರಾಜಕುಮಾರಿಯೊಬ್ಬರ ಮದುವೆಯ ಸಮಯದಲ್ಲಿ ಸುಟ್ಟುಹೋದುದು, ಹೆನ್ರಿ ಇರ್ವಿನ್ ಎಂಬ ಆಂಗ್ಲ ಶಿಲ್ಪಿಯ ನಕ್ಷೆಯಂತೆ ಹೊಸದು ಎದ್ದು ೧೯೧೨ರಲ್ಲಿ ಮುಗಿದುದು, ಅದಕ್ಕೆ ನಲವತ್ತೊಂದು ಲಕ್ಷಕ್ಕೂ ಮಿಕ್ಕು ಖರ್ಚಾದುದು, ಇವೆಲ್ಲವನ್ನೂ ನಾನು ಹೇಳುತ್ತ ಹೋದೆ. ಕಲ್ಯಾಣಮಂಟಪಕ್ಕೆ ಬಂದೊಡನೆ ನನ್ನ ಪಾಠ ತಾನಾಗಿ ನಿಂತಿತು. ಎಂಟು ಮೂಲೆಯ ಮಂಟಪ. ಗ್ಲಾಸ್ಗೋ ನಗರದಿಂದ ಬಂದ ಎರಕದ ಕಬ್ಬಿಣದ ಕಂಬಗಳು. ಮೇಲೆ ಬಣ್ಣಗಾಜಿನ ಛಾವಣಿ. ಅಮ್ಮ ತಲೆಯೆತ್ತಿದರು. ಹೊರಗೆ ಮೋಡವಿತ್ತು. ನವಿಲುಗಳು ಇದ್ದುವು, ಆದರೆ ಮಂಕಾಗಿದ್ದುವು.

ಕೊರಳಿಗೆ ಒಂದೇ ಬಣ್ಣದ ಚೀಟಿ ಕಟ್ಟಿಕೊಂಡ ಗುಂಪೊಂದು ಬಂದಿತು. “ಮೇಲೆ ನೋಡಿ, ನವಿಲು, ಕೆಳಗೆ ನೋಡಿ, ನೆಲ, ಬನ್ನಿ ಬನ್ನಿ, ಹೊತ್ತಾಯಿತು” ಎಂದು ಅವರ ಮಾರ್ಗದರ್ಶಿ ಹೇಳುತ್ತಿದ್ದಂತೆಯೇ ಅವರು ಹೋದರು. ಇನ್ನೊಂದು ಗುಂಪು ಬಂದು ಹೋಯಿತು. ನಮ್ಮನ್ನು ಕರೆಯುವವರು ಯಾರೂ ಇರಲಿಲ್ಲ. ಅಮ್ಮ ಕಂಬಿಯನ್ನು ಹಿಡಿದು, ಮೊಣಕಾಲಿನ ಭಾರವನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತ, ಸುಮ್ಮನೆ ನಿಂತಿದ್ದರು. ಸುಮಾರು ಇಪ್ಪತ್ತು ನಿಮಿಷವಾಗಿರಬೇಕು. ಎಲ್ಲಿಯೋ ಮೋಡ ಸರಿದು ಗಾಜಿನ ಒಂದು ಮೂಲೆ ಹೊತ್ತಿಕೊಂಡಿತು. ಅದರಿಂದ ಪಕ್ಕದ್ದು, ಅದರಿಂದ ಇನ್ನೊಂದು. ಹಸಿರೂ ನೀಲಿಯೂ ತಲೆಯ ಮೇಲೆ ತುಂಬಿಕೊಂಡುವು.

“ನಿಮ್ಮಪ್ಪ ಸುಳ್ಳು ಹೇಳಿರಲಿಲ್ಲ ಕಣೋ” ಎಂದರು ಅಮ್ಮ. ಮತ್ತೆ ಸ್ವಲ್ಪ ಹೊತ್ತು ನೋಡಿ, “ಮೂರು ಸಲ ಒಬ್ಬರೇ ನೋಡಿದರಲ್ಲ!” ಎಂದರು. ಅದು ಆಕ್ಷೇಪಣೆಯೋ ಅಲ್ಲವೋ ನಾನು ಕೇಳಲಿಲ್ಲ.

ದರ್ಬಾರಿನ ಮಹಡಿಯ ಮೆಟ್ಟಿಲುಗಳನ್ನು ಅವರು ತಾವಾಗಿಯೇ, ಒಂದೊಂದಾಗಿ ಹತ್ತಿದರು. ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಸೊಸೆಗೂ ಮೊಮ್ಮಗಳಿಗೂ ತಾವೇ ಚೌಕಾಸಿ ಮಾಡಿ ಮಲ್ಲಿಗೆ ಕೊಂಡರು. ದೀಪಗಳನ್ನು ಕಂಡು ಕೂಗಿದವನು ಮಗ. ಮರುದಿನ ಬೆಳಗ್ಗೆ ನಗರದ ೨೦೧ನೆಯ ನಂಬರಿನ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ, ಅಲ್ಲಿಯೂ ಸೊನ್ನೆಯ ಚೀಟಿಗಳೇ, ದೇವಿಯ ದರ್ಶನ ಮಾಡಿದೆವು. ಮೃಗಾಲಯದಲ್ಲಿ ವೃದ್ಧರಿಗೆ ಬ್ಯಾಟರಿ ಗಾಡಿ ದೊರೆಯುತ್ತದೆ. ೧೮೯೨ರಷ್ಟು ಹಿಂದೆ ಸ್ಥಾಪಿತವಾದ ಆ ವಿಶಾಲವಾದ ತೋಟವನ್ನು ಕಾಲ್ನಡೆಯಲ್ಲಿ ಸುತ್ತುವುದು ಎಳೆಯರಿಗೂ ಸುಲಭವಲ್ಲ. ಅಮ್ಮ ಗಾಡಿಯಲ್ಲಿ ಕುಳಿತು ಹೋಗುತ್ತ, ಬಿಸಿಲಿನಲ್ಲಿ ಬೆವರುತ್ತ ನಡೆಯುತ್ತಿದ್ದ ನನಗೆ ಕೈಬೀಸಿದರು. ಅರಮನೆಯಲ್ಲಿ ನಾನು ಹೇಳಿದ ಇಸವಿಗಳಲ್ಲಿ ಮಗನಿಗೆ ಒಂದೂ ನೆನಪಿಲ್ಲ. ಜಿರಾಫೆಯ ನಾಲಿಗೆಯ ಬಣ್ಣ ಮಾತ್ರ ಚೆನ್ನಾಗಿ ನೆನಪಿದೆ.

ಖರ್ಚಿನ ಲೆಕ್ಕ ೪,೩೬೦ ರೂಪಾಯಿಗೆ ನಿಂತಿತು. ಮಲ್ಲಿಗೆಯ ಹಣ ಅದರಲ್ಲಿ ಸೇರಿಲ್ಲ. ಅದನ್ನು ಅಮ್ಮ ತಮ್ಮ ಸೆರಗಿನ ಗಂಟಿನಿಂದ ಕೊಟ್ಟಿದ್ದರು.

ಹಿಂದಿರುಗುವ ಬಸ್ಸಿನಲ್ಲಿ ಕತ್ತಲಾಯಿತು. ಮಕ್ಕಳು ಮಲಗಿದರು, ಅಮ್ಮನೂ ಕಿಟಕಿಗೆ ಒರಗಿ ಮಲಗಿದ್ದರು. ಚನ್ನರಾಯಪಟ್ಟಣದ ದೀಪಗಳು ಕಾಣಿಸಿಕೊಂಡಾಗ ಎಚ್ಚೆತ್ತು, “ಆ ಕವಿಗಳ ಊರು ಬಂತೇನೋ?” ಎಂದು ಕೇಳಿದರು.

“ಆಗಲೇ ದಾಟಿತಮ್ಮಾ” ಎಂದೆ.

“ಎಬ್ಬಿಸಬಾರದಾಗಿತ್ತೆ?” ಎಂದರು ಅಮ್ಮ.